ಮಡ್ಡಿ ಕ್ರೀಕ್ ಸೇರುವಲ್ಲಿ ಚೀಟ್ ನದಿ

ಚೀಟ್ ನದಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಬೆಟ್ಟಗಳಲ್ಲಿ, ಪಾರ್ಸನ್ಸ್ ಪಟ್ಟಣದ ಬಳಿ ಎರಡು ಹೊಳೆಗಳು ಕೂಡಿ ಹುಟ್ಟಿ, ಉತ್ತರಕ್ಕೆ ಹರಿದು ಮೊನಾಂಗಹೀಲಾ ನದಿಯನ್ನು ಸೇರುತ್ತದೆ. ರಾಫ್ಟಿಂಗಿನವರು ಹುಡುಕಿಕೊಂಡು ಬರುವುದು ಆಲ್‌ಬ್ರೈಟ್ ಎಂಬ ಪುಟ್ಟ ಊರಿನ ಕೆಳಗಿನ ಕಣಿವೆಯನ್ನು. ವಸಂತದ ಮಳೆ ಜೋರಾದರೆ ಅಲ್ಲಿ ನೀರು ಬಂಡೆಗಳ ಮೇಲೆ ನೊರೆಯೆದ್ದು ಧುಮುಕುತ್ತದೆ. ಮಳೆ ಕೈಕೊಟ್ಟರೆ ಆಟವೂ ಇಲ್ಲ. ಬಿಗ್ ನ್ಯಾಸ್ಟಿ, ಕೊಲಿಸಿಯಂ ಎಂದು ಒಂದೊಂದು ರಭಸದ ಇಳಿತಕ್ಕೂ ಹೆಸರುಂಟು. ಅದೇ ಉತ್ಸಾಹದಲ್ಲಿ ಮಡ್ಡಿ ಕ್ರೀಕ್ ಎಂಬ ತೊರೆ ಬಂದು ಸೇರುವ ಜಾಗವನ್ನು ತೋರಿಸುವವರು ಕಡಿಮೆ. ನೋಡಬೇಕಾದ್ದು ಅದೇ.

1994ರ ವಸಂತದಲ್ಲಿ ಆಲ್‌ಬ್ರೈಟ್ ಸಮೀಪದ ಒಂದು ನೆಲದಡಿಯ ಕಲ್ಲಿದ್ದಲು ಗಣಿಯಲ್ಲಿ ತುಂಬಿಕೊಂಡಿದ್ದ ಆಮ್ಲೀಯ ನೀರು ಗುಡ್ಡದ ಪಕ್ಕೆಯನ್ನು ಒಡೆದುಕೊಂಡು ಈ ತೊರೆಗೆ ನುಗ್ಗಿತು. ಕಣಿವೆಯ ನೀರಿನ ಪಿಎಚ್ 4ಕ್ಕೆ ಇಳಿಯಿತು. ಸುಮಾರು 25 ಕಿ.ಮೀ. ಕೆಳಗಿನ ಚೀಟ್ ಸರೋವರದವರೆಗೂ ಮೀನುಗಳು ಸತ್ತವು. ಮರುವರ್ಷ ಗುಡ್ಡ ಮತ್ತೆ ಒಡೆಯಿತು. ‘ಅಮೆರಿಕನ್ ರಿವರ್ಸ್’ ಸಂಸ್ಥೆ ಚೀಟ್ ನದಿಯನ್ನು 1995ರಲ್ಲಿ ದೇಶದ ಅತಿ ಅಪಾಯದಲ್ಲಿರುವ ನದಿಗಳ ಪಟ್ಟಿಗೆ ಸೇರಿಸಿತು.

ಈ ಆಮ್ಲಕ್ಕೆ ಮೂಲ ಕಲ್ಲಿದ್ದಲಿನ ಜೊತೆಗಿರುವ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ. ಅಗೆತದಿಂದ ಅದಕ್ಕೆ ಗಾಳಿ, ನೀರು ತಾಗಿದರೆ ಗಂಧಕಾಮ್ಲವಾಗುತ್ತದೆ, ಕಬ್ಬಿಣ ಕರಗುತ್ತದೆ. ಗಣಿ ಮುಚ್ಚಿದರೂ ಈ ಕ್ರಿಯೆ ನಿಲ್ಲುವುದಿಲ್ಲ. ಆಮ್ಲ ಕಡಿಮೆಯಾದ ಕಡೆ ಕಬ್ಬಿಣ ಕಿತ್ತಳೆ ಬಣ್ಣದ ಕೆಸರಾಗಿ ತಳಕ್ಕೆ ಕೂತು, ಕಲ್ಲುಸಂದಿಯ ಹುಳುಗಳ ನೆಲೆಯನ್ನೇ ಮುಚ್ಚಿಬಿಡುತ್ತದೆ. ಆಮ್ಲ ಹೆಚ್ಚಿದ್ದಲ್ಲಿ ಲೋಹ ಕರಗಿಯೇ ಇರುವುದರಿಂದ ನೀರು ತಿಳಿಯಾಗಿ ಕಾಣುವುದುಂಟು. ತಳ ಕಾಣುವ ನೀರೆಂದು ಹಿಗ್ಗುವ ಪ್ರವಾಸಿ ಮೋಸಹೋಗುವುದು ಇಲ್ಲೇ.

ಮೊದಲ ಒಡೆತದ ವರ್ಷವೇ ರಾಫ್ಟಿಂಗಿನವರೂ ಊರಿನವರೂ ಸೇರಿ ‘ಫ್ರೆಂಡ್ಸ್ ಆಫ್ ದಿ ಚೀಟ್’ ಎಂಬ ಸಂಘ ಕಟ್ಟಿದರು. ಬೈಗುಳದಲ್ಲೇ ನಿಲ್ಲದೆ ಅವರು ಸರ್ಕಾರವನ್ನೂ ಗಣಿಯವರನ್ನೂ ಒಂದೇ ಮೇಜಿಗೆ ಕರೆದದ್ದು ಜಾಣತನ. ಆಮ್ಲವನ್ನು ತಗ್ಗಿಸಲು ಚಿಕ್ಕ ತೊರೆಗಳಿಗೆ ಸುಣ್ಣಕಲ್ಲು ಹಾಸಿದ ಕಾಲುವೆಗಳು ಬಂದವು. ಗಣಿನೀರನ್ನು ಸುಣ್ಣದಿಂದ ಶುದ್ಧಗೊಳಿಸುವ ದೊಡ್ಡ ಘಟಕವನ್ನು ರಾಜ್ಯದ ಪರಿಸರ ಇಲಾಖೆ ಕಟ್ಟಿದ ಮೇಲೆ ಮಡ್ಡಿ ಕ್ರೀಕ್‌ನ ಕೆಳಭಾಗಕ್ಕೂ ಮೀನುಗಳು ಮರಳಿವೆ. ಕಲ್ಲಿದ್ದಲಿನ ಲಾಭ ಒಬ್ಬರಿಗೆ, ಸುಣ್ಣದ ಖರ್ಚು ಇನ್ನೊಬ್ಬರಿಗೆ ಎಂಬ ಕಿರಿಕಿರಿ ಮಾತ್ರ ಉಳಿಯುತ್ತದೆ.

2014ರಲ್ಲಿ ಕಣಿವೆಯ ಸುಮಾರು 3,800 ಎಕರೆ ಕಾಡು ಸಂರಕ್ಷಣೆಗೆ ಸೇರಿತು. ಅದರಿಂದ ದಡ ಉಳಿಯುತ್ತದೆ. ಆದರೆ ಮೇಲಿನಿಂದ ಬರುವ ಗಣಿನೀರಿಗೆ ಸುಣ್ಣ ಹಾಕುತ್ತಲೇ ಇರಬೇಕು.