ಕರೆಂಟ್ ಹೋದ ಮನೆ

ಡೊಂಬಿವಲಿಯಲ್ಲಿ ನಮ್ಮದೊಂದು ಹಳೇ ಫ್ಲ್ಯಾಟ್ ಇದೆ. ಮದುವೆಯಾದ ಹೊಸದರಲ್ಲಿ ಸಾಲ ಮಾಡಿ ಕೊಂಡದ್ದು. 2023ರಲ್ಲಿ ಬಾಗಲಕೋಟೆ ಕಡೆಯ ಹುಡುಗನೊಬ್ಬ ಬಾಡಿಗೆಗೆ ಕೇಳಿಕೊಂಡು ಬಂದ. ಕನ್ನಡ ಕಿವಿಗೆ ಬಿದ್ದದ್ದೇ ತಡ, ನನ್ನಾಕೆ ಚಹಾ ಕೊಟ್ಟು ಕೀಲಿಕೈಯನ್ನೂ ಕೊಟ್ಟುಬಿಟ್ಟಳು!

ಮರುವರ್ಷ ಜುಲೈನಲ್ಲಿ ಸೊಸೈಟಿ ಸೆಕ್ರೆಟರಿಯ ಫೋನು. ಮೂರು ತಿಂಗಳ ಬಿಲ್ ಬಾಕಿ, ಕರೆಂಟ್ ಕಡಿದಿದ್ದಾರೆ ಅಂತ. 2003ರ ವಿದ್ಯುತ್ ಕಾಯಿದೆಯ 56ನೇ ಕಲಮಿನಂತೆ, ಕಡಿಯುವ ಮೊದಲು 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಕೊಟ್ಟಿದ್ದರು. ಅದು ಆ ಮನೆಗೇ ಬಂದು ಫ್ರಿಜ್ಜಿನ ಮೇಲೆ ಕೂತಿತ್ತು. ಮೀಟರ್ ಇದ್ದದ್ದು ನನ್ನ ಹೆಸರಲ್ಲಿ. ಮೂವತ್ತು ವರ್ಷ ಊರವರಿಗೆಲ್ಲ ಬಾಕಿ ನೋಟಿಸ್ ಕಳಿಸಿದವನು ಈಗ ಸ್ವತಃ ಬಾಕಿದಾರ!

“ಹಾಗೇ ಬಿಡಿ. ಕತ್ತಲಲ್ಲಿ ಎಷ್ಟು ದಿನ ಇರ್ತಾನೆ? ತಾನೇ ಖಾಲಿ ಮಾಡ್ತಾನೆ” ಎಂದರು ಸೆಕ್ರೆಟರಿ. ಸುಳ್ಳು ಯಾಕೆ ಹೇಳಲಿ, ನನಗೂ ಒಂದು ಕ್ಷಣ ಸರಿ ಅನ್ನಿಸಿತು.

ಭಾನುವಾರ ಹೋಗಿ ನೋಡಿದೆ. ಮಳೆಗೆ ಕಿಟಕಿ ಮುಚ್ಚಿ, ಫ್ಯಾನೂ ಇಲ್ಲದೆ ಗೋಡೆಗೆ ಬೂಷ್ಟು ಹಿಡಿದಿತ್ತು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೇಣದಬತ್ತಿ ಸುಟ್ಟ ಗುರುತು, ಅದರ ಮೇಲೇ ಒಣಹಾಕಿದ ಬಟ್ಟೆ. ಪಕ್ಕದ ಮನೆಯಿಂದ ಒದ್ದೆ ಗ್ರಿಲ್ಲಿನ ನಡುವೆ ಎಳೆದ ವೈರು. ನನ್ನ ಎದೆ ಧಸಕ್ಕೆಂದಿತು. ಬಾಕಿ ಕೆಲವು ಸಾವಿರ, ಬೆಂಕಿ ಹತ್ತಿದ್ದರೆ?

“ಕಂಪನಿ ಬಂದ್ ಆಗೇತ್ರೀ ಸರ್. ಊರಾಗ ಇನ್ನೂ ಹೇಳಿಲ್ಲ” ಎಂದ. ತಲೆ ಎತ್ತಲಿಲ್ಲ.

ನನಗೆ ನನ್ನ ಮೊದಲ ಪೇಯಿಂಗ್ ಗೆಸ್ಟ್ ದಿನಗಳು ನೆನಪಾದವು. ರಾತ್ರಿ ಹತ್ತಕ್ಕೆ ಮನೆಯಾಕೆ ಫ್ಯೂಸ್ ಕಿತ್ತು ಒಳಗಿಡುತ್ತಿದ್ದಳು. ಬ್ಯಾಂಕಿನ ಪರೀಕ್ಷೆಗೆ ನಾನು ಓದಿದ್ದು ಸ್ಟೇಷನ್ ಪ್ಲಾಟ್‌ಫಾರ್ಮಿನ ದೀಪದಲ್ಲಿ...

ಬಾಡಿಗೆದಾರನ ನೀರು, ಕರೆಂಟನ್ನು ಸರಿಯಾದ ಕಾರಣವಿಲ್ಲದೆ ಮಾಲೀಕ ತಡೆಯಬಾರದು ಎನ್ನುತ್ತದೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 29ನೇ ಕಲಂ. ಇಲ್ಲಿ ಕಡಿದದ್ದು ನಾನಲ್ಲ, ನಿಜ. ಆದರೆ ಬೇಕೆಂದೇ ಸುಮ್ಮನಿದ್ದರೆ ನನಗೂ ಆ ಫ್ಯೂಸ್ ಕೀಳುವಾಕೆಗೂ ಏನು ವ್ಯತ್ಯಾಸ?

ಮರುದಿನವೇ ಬಾಕಿ, ಮರುಜೋಡಣೆ ಶುಲ್ಕ ಎರಡನ್ನೂ ಕಟ್ಟಿದೆ. ಆ ಮೊತ್ತ ಡಿಪಾಸಿಟ್‌ನಿಂದ ವಜಾ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ದಯೆ ಬೇರೆ, ಲೆಕ್ಕ ಬೇರೆ ನೋಡಿ!

ಊರು ಬಿಟ್ಟು ಬಂದು ಮನೆ ಮಾಡಿಕೊಂಡು, ಬಾಡಿಗೆಗೂ ಕೊಟ್ಟಿರುವ ನಿಮಗೆಲ್ಲ ನನ್ನದೊಂದು ಮಾತು. ವಿದ್ಯುತ್ ಕಂಪನಿಯಲ್ಲಿ ನಿಮ್ಮ ಮೊಬೈಲ್ ನಂಬರನ್ನೇ ನೋಂದಾಯಿಸಿ. ಬಿಲ್ ಬಾಕಿಯನ್ನು ಡಿಪಾಸಿಟ್‌ನಿಂದ ಮುರಿದುಕೊಳ್ಳುವ ಷರತ್ತು ಕರಾರಿನಲ್ಲಿರಲಿ. ಮನೆ ಖಾಲಿಯಾದರೆ ಮೇನ್ ಸ್ವಿಚ್, ನೀರಿನ ವಾಲ್ವ್ ಬಂದ್ ಮಾಡಿ, ಫ್ರಿಜ್ಜು ಖಾಲಿ ಮಾಡಿ ಬಾಗಿಲು ತೆರೆದಿಡಿ. ತಿಂಗಳಿಗೊಮ್ಮೆಯಾದರೂ ಹೋಗಿ ಬನ್ನಿ.

ಹುಡುಗನಿಗೆ ದೀಪಾವಳಿಗೆ ಮೊದಲೇ ಬೇರೆ ಕೆಲಸ ಸಿಕ್ಕಿತು. ಈಗ ಬಿಲ್ಲಿನ ಮೆಸೇಜು ನನಗೇ ಬರುತ್ತದೆ. ಅವನಿಗೆ ಕಳಿಸೋಣ ಎನ್ನುವಷ್ಟರಲ್ಲಿ ಅವನದೇ ಬಂದಿರುತ್ತದೆ: “ಕಟ್ಟೇನ್ರೀ ಸರ್.”