ರಜೆಗೊಂದು ದೋಣಿ

ಈ ಸಲ ಬೇಸಿಗೆ ರಜೆ ಬರುವ ಮೊದಲೇ ನಮ್ಮ ಮನೆಯಲ್ಲಿ ಹಡಗಿನ ಮಾತು ಶುರುವಾಯಿತು. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, "ಅಪ್ಪಾ, ಮುಂಬೈಯಿಂದ ಲಕ್ಷದ್ವೀಪಕ್ಕೆ ಹಡಗು ಹೋಗುತ್ತಂತೆ. ಊಟ, ಈಜುಕೊಳ, ಆಟ ಎಲ್ಲಾ ಅದರೊಳಗೇ" ಅಂದ. ಮೊಮ್ಮಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದಾನೆ. ಜೂನ್‌ಗೆ ಹಾಸ್ಟೆಲ್ ಸೇರುತ್ತಾನೆ. ಆಮೇಲೆ ಎರಡು ವರ್ಷ ಅವನಿಗೆ ರಜೆ ಹೆಸರಿಗಷ್ಟೇ. ಮೊಮ್ಮಗಳಿಗೆ ಹದಿಮೂರು. ಎಲ್ಲರೂ ಒಟ್ಟಿಗಿರುವ ರಜೆ ಮತ್ತೆ ಯಾವಾಗಲೋ!

ಹಡಗನ್ನು ನಾನು ಹಳಿಯುವುದಿಲ್ಲ. ಈ ವಯಸ್ಸಿನ ಮಕ್ಕಳಿಗೆ ಅಪ್ಪ ಅಮ್ಮನ ಕಣ್ಣಿನಿಂದ ಸ್ವಲ್ಪ ದೂರ ಅಡ್ಡಾಡಲು ಜಾಗ ಬೇಕು. ಹೆತ್ತವರಿಗೆ ಅವರು ಕ್ಷೇಮವಾಗಿದ್ದಾರೆಂಬ ನೆಮ್ಮದಿ ಬೇಕು. ಹಡಗಿನಲ್ಲಿ ಎರಡೂ ಸಿಗುತ್ತವೆ, ಅಡುಗೆಯ ಗೊಡವೆಯೂ ಇಲ್ಲ. ಆದರೆ ಟಿಕೆಟ್ಟು, ಮುಂಬೈವರೆಗಿನ ಪ್ರಯಾಣ, ಹಾಸ್ಟೆಲ್ ಶುಲ್ಕ ಎಲ್ಲವನ್ನೂ ಕೂಡಿಸಿ ನೋಡಿದ ಮೇಲೆ ಮಗನೇ ಸುಮ್ಮನಾದ. "ನೀರೇ ಬೇಕಾದರೆ ಪಾಂಡವಪುರಕ್ಕೆ ಬನ್ರಪ್ಪಾ, ಇಲ್ಲೇನು ಕಮ್ಮಿ?" ಅಂದೆ. (ನಮ್ಮೂರು ಹಿಂದೆ ಹಿರೋಡೆ, ಬ್ರಿಟಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್.) ಮೂರು ದಿನ, ದಿನಕ್ಕೊಬ್ಬರ ಆಯ್ಕೆ ಎಂದಾಯಿತು. ನನ್ನ ಮನೆಯಾಕೆ ಒಂದು ಷರತ್ತು ಹಾಕಿದಳು: "ಒಲೆ ಹಚ್ಚೋದು ಬೆಳಗಿನ ಕಾಫಿಗೆ ಮಾತ್ರ."

ಮೊದಲ ದಿನ ಮೊಮ್ಮಗಳದು. ಅವಳು ಆರಿಸಿದ್ದು ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು. ಹಕ್ಕಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತೆವು. ಹುಟ್ಟು ನೀರಿಗೆ ಬೀಳುವ ಸದ್ದು, ಮೇಲೆ ಮರದ ತುಂಬ ಮರಿಗಳ ಗಲಾಟೆ. ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವೆ ಸಂದು ಯಾಕಿದೆ ಎಂದು ಮೊಮ್ಮಗಳು ಕೇಳಿದಳು. ಬಸವನಹುಳು ಹಿಡಿದು ತಿನ್ನುವುದಕ್ಕೆ ಅನುಕೂಲ ಎಂದ ದೋಣಿಯವನು. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹುಡುಗ ಮಾತ್ರ ಕಿವಿಗೆ ಸಿಕ್ಕಿಸಿದ್ದನ್ನು ತೆಗೆದಿರಲಿಲ್ಲ. ಅಷ್ಟರಲ್ಲಿ ಬಂಡೆಯ ಮೇಲೊಂದು ಮೊಸಳೆ, ಬಾಯಿ ತೆರೆದು ಅಲ್ಲಾಡದೆ ಮಲಗಿತ್ತು. "ಆಕಳಿಕೆ ಅಲ್ಲ ಕಣಪ್ಪ, ಬಿಸಿಲಿಗೆ ಮೈ ತಂಪು ಮಾಡ್ಕೊತಾ ಅದೆ" ಎಂದ ದೋಣಿಯವನು. ವೈರು ಜೇಬಿಗೆ ಹೋಯಿತು.

ಹೊರಬಂದ ಮೇಲೆ ಅವನು ಬಲಮುರಿಗೆ ಹೋಗಿ ಈಜೋಣ ಎಂದ. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯ ಮೇಲಿಂದ ಅಲ್ಲಿ ನೀರು ಹಾಲಿನಂತೆ ಇಳಿಯುತ್ತದೆ. ನೋಡಲು ಚೆಂದ, ಮೊಣಕಾಲುದ್ದ ಎನಿಸುತ್ತದೆ; ಕೆಳಗೆ ಪಾಚಿ, ಕಲ್ಲಿನ ಸಂದು, ಸುಳಿ. ಬೇಡ ಎಂದೆ. "ತಾತ, ನಂಗೆ ಈಜು ಬರುತ್ತೆ" ಎಂದು ಮುಖ ಊದಿಸಿದ. ಅವನನ್ನು ಪಕ್ಕಕ್ಕೆ ಕರೆದು ಒಂದು ವಿಷಯ ಹೇಳಿದೆ. ನಾನು ಮೇಷ್ಟ್ರಾಗಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ಭಾನುವಾರ ವಿಶ್ವೇಶ್ವರಯ್ಯ ನಾಲೆಗೆ ಇಳಿದ. ಅವನಿಗೂ ಈಜು ಬರುತ್ತಿತ್ತು. ನಾಲೆಯ ಇಳಿಜಾರಿನಲ್ಲಿ ಕೈಗೆ ಹಿಡಿ ಸಿಗುವುದಿಲ್ಲ. ಸೋಮವಾರ ಹಾಜರಿ ಕೂಗುವಾಗ ಅವನ ಹೆಸರಿನ ಹತ್ತಿರ ಬಂದು ನಿಂತೆ. ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು.

ಮೊಮ್ಮಗ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅವನ ಹೆಸರೇನು ತಾತ?" ಎಂದು ಕೇಳಿದ. ಹೇಳಿದೆ.

ಮರುದಿನ ಅವನ ಸರದಿ. ಕುಂತಿ ಬೆಟ್ಟ ಬೇಕೆಂದ. ಬಿಸಿಲೇರುವ ಮುಂಚೆ ಅಪ್ಪ ಮಗ ಇಬ್ಬರೇ ಹತ್ತಿದರು; ನನ್ನ ಮಂಡಿಗೆ ಬೆಟ್ಟದ ಬುಡವೇ ಸಾಕು. ಇಳಿದು ಬರುವಾಗ ಇಬ್ಬರೂ ಏನೋ ಜೋರಾಗಿ ಮಾತಾಡುತ್ತಿದ್ದರು. ಹಾಸ್ಟೆಲ್ಲಿನ ವಿಚಾರವಂತೆ. ಹೋಗಲು ಹೆದರಿಕೆ ಇದೆ ಎಂದು ಹುಡುಗ ಮೊದಲ ಸಲ ಬಾಯಿಬಿಟ್ಟದ್ದು ಅಲ್ಲೇ ಎಂದು ಮಗ ರಾತ್ರಿ ಹೇಳಿದ. ಮಧ್ಯಾಹ್ನ ಮೇಲುಕೋಟೆಯಲ್ಲಿ ಪುಳಿಯೋಗರೆ. ಯೋಗಾನರಸಿಂಹನ ಮೆಟ್ಟಿಲನ್ನು ಮಕ್ಕಳಿಬ್ಬರೇ ಹತ್ತಲಿ ಎಂದು ಬಿಟ್ಟು ನಾವು ಕಲ್ಯಾಣಿಯ ಬಳಿ ನೆರಳಲ್ಲಿ ಕೂತೆವು. ಸೊಸೆ ಕಂಬಕ್ಕೊರಗಿ ನಿದ್ದೆಯನ್ನೇ ಮಾಡಿದಳು. ಹಡಗಿನವರು ಕೊಡುವ ಆರಾಮ ಇದಕ್ಕಿಂತ ಹೆಚ್ಚೇನಲ್ಲ ಅನ್ನಿಸಿತು.

ಮೂರನೇ ದಿನ ಸೊಸೆಯ ಆಯ್ಕೆ: ಕೆ.ಆರ್.ಪೇಟೆ ಬಳಿಯ ಹೊಸಹೊಳಲು. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ಗುಡಿ, ಮೂರು ಗರ್ಭಗುಡಿ. ಹುಡುಗನಿಗೆ ಬೇಗ ಬೇಸರವಾಯಿತು, ಸುಳ್ಳೇಕೆ ಹೇಳಲಿ. ಮೊಮ್ಮಗಳು ಗೋಡೆಯ ಬುಡದಲ್ಲಿ ಸಾಲು ಸಾಲಾಗಿ ಆನೆ, ಕುದುರೆ, ಬಳ್ಳಿ, ರಾಮಾಯಣ, ಮಕರ ನೋಡುತ್ತಾ ಹೋಗಿ ಹಂಸದ ಸಾಲು ಕಂಡದ್ದೇ ತಡ, ಅದನ್ನೂ ಹಕ್ಕಿಪಟ್ಟಿಗೆ ಸೇರಿಸಿದಳು. ಸಂಜೆ ನಾಗಮಂಗಲದಲ್ಲಿ ಸೌಮ್ಯಕೇಶವನಿಗೆ ಕೈಮುಗಿದು ಮನೆಗೆ ಹೊರಟೆವು.

ದಸರೆಗೆ ಎರಡು ದಿನವಾದರೂ ಬರುತ್ತೇನೆ ಎಂದಿದ್ದಾನೆ ಮೊಮ್ಮಗ. ಆಗ ಕಾವೇರಿ ತುಂಬಿ ಹರಿಯುತ್ತಿದ್ದರೆ ರಂಗನತಿಟ್ಟಿನಲ್ಲಿ ದೋಣಿ ಬಿಡುವುದಿಲ್ಲ ಎಂದು ಈಗಲೇ ತಿಳಿಸಿದ್ದೇನೆ. "ಹಂಗಾದ್ರೆ ತೊಣ್ಣೂರು ಕೆರೆ ಏರಿ ಮೇಲೆ ನಡೆಯೋಣ ತಾತ, ನಿಮ್ಮ ಮಂಡಿಗೂ ಅದೇ ಒಳ್ಳೇದು" ಎಂದ.