ಕೆಂಪು ಚೇಳಿಗೆ ಮಂತ್ರ ಸಾಲದು

ನಮ್ಮೂರ ಕಡೆ ಚೇಳು ಕಡಿದರೆ ಮೊದಲು ಹುಡುಕುವುದು ಮಂತ್ರ ಹಾಕುವವರನ್ನು. ಕಪ್ಪು ಚೇಳಿನ ಉರಿ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ, ಹೆಸರು ಮಂತ್ರಕ್ಕೆ ಬರುತ್ತದೆ. ಕೆಂಪು ಚೇಳಿನ ಮುಂದೆ ಈ ಲೆಕ್ಕ ನಡೆಯುವುದಿಲ್ಲ.

ಅದರ ವಿಷ ಹತ್ತಾರು ಪ್ರೋಟೀನು, ಪೆಪ್ಟೈಡುಗಳ ಮಿಶ್ರಣ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಪುಟ್ಟ ಸರ. ಈ ವಿಷದಲ್ಲಿ ಸಿಕ್ಕ ಐಬೀರಿಯೋಟಾಕ್ಸಿನ್ ಎಂಬ ಸರದಲ್ಲಿರುವುದು 37 ಮಣಿ ಮಾತ್ರ. ನಮ್ಮ ಜೀವಕೋಶಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಓಡಾಡುವ ಬಾಗಿಲುಗಳಿವೆ. ಕೆಲವು ಪೆಪ್ಟೈಡುಗಳು ಸೋಡಿಯಂ ಬಾಗಿಲು ಮುಚ್ಚಗೊಡುವುದಿಲ್ಲ, ಕೆಲವು ಪೊಟ್ಯಾಸಿಯಂ ಬಾಗಿಲು ತೆರೆಯಗೊಡುವುದಿಲ್ಲ. ನರಗಳು ಕೆರಳುತ್ತವೆ, ರಕ್ತದೊತ್ತಡ ಏರುತ್ತದೆ, ಕೊನೆಗೆ ಹೃದಯ ಸೋಲುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು.

ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ರಕ್ತದೊತ್ತಡದ ಪ್ರಾಜೋಸಿನ್ ಮಾತ್ರೆ ಕೊಟ್ಟು ಸಾವುಗಳನ್ನು ತಗ್ಗಿಸಿದರು. ಅದರ ಜೊತೆ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಇನ್ನೂ ಬೇಗ ಎಂದು 2011ರ ಅವರ ಅಧ್ಯಯನ ತೋರಿಸಿತು.

ಮೈ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾದರೆ ವಿಷ ಮೈಗೇರಿದೆ ಎಂದರ್ಥ. ಅಲ್ಲಿಯವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡೋಣ. ಮಂತ್ರ ಹಾಕುವ ಅಜ್ಜನನ್ನು ದೂರುವುದು ಬೇಡ. ಅವರನ್ನೂ ಗಾಡಿಯಲ್ಲಿ ಕೂರಿಸಿಕೊಳ್ಳೋಣ, ಮಂತ್ರವನ್ನು ದಾರಿಯಲ್ಲೇ ಹಾಕಲಿ.